ಕರಾಚಿ–ಮುಂಬಯಿ: ಒಂದೂವರೆ ಗಂಟೆಯ ಹಾದಿ

ಮುಂಬಯಿಯಿಂದ ಬೆಂಗಳೂರಿಗೆ ಆಕಾಶಮಾರ್ಗದಲ್ಲಿ ಸುಮಾರು 840 ಕಿಲೋಮೀಟರ್. ಅದೇ ಮುಂಬಯಿಯಿಂದ ವಾಯವ್ಯಕ್ಕೆ ಹೊರಟರೆ ಕರಾಚಿ ಸುಮಾರು 880 ಕಿಲೋಮೀಟರ್. ದೆಹಲಿ ಇವೆರಡಕ್ಕಿಂತ ದೂರ. ಅದು 1,100 ಕಿಲೋಮೀಟರನ್ನು ದಾಟುತ್ತದೆ. ಅಂದರೆ ಮುಂಬಯಿಗೆ ತನ್ನ ದೇಶದ ರಾಜಧಾನಿಗಿಂತ ಕರಾಚಿಯೇ ಹತ್ತಿರ. ಜೆಟ್ ವಿಮಾನಕ್ಕೆ ಇದು ಒಂದೂವರೆ ಗಂಟೆಯ ಹಾದಿ. ಗಡಿಯಾರವನ್ನು ನಂಬುವುದಾದರೆ ಇನ್ನೂ ಕಡಿಮೆ. 1951ರಲ್ಲಿ ಪಾಕಿಸ್ತಾನ ತನ್ನ ಗಡಿಯಾರವನ್ನು ಅರ್ಧ ಗಂಟೆ ಹಿಂದಿಟ್ಟುಕೊಂಡಿತು. ಹೀಗಾಗಿ ಮುಂಬಯಿಯಲ್ಲಿ ಹತ್ತು ಗಂಟೆಗೆ ವಿಮಾನ ಏರಿದವನು ಕರಾಚಿಯಲ್ಲಿ ಹನ್ನೊಂದಕ್ಕೆಲ್ಲ ಇಳಿಯಬಹುದು.

ಇಳಿಯಬಹುದು ಎನ್ನುವುದು ಲೆಕ್ಕದ ಮಾತು. ಈ ಎರಡು ನಗರಗಳ ನಡುವಿನ ಕೊನೆಯ ನೇರ ವಿಮಾನ ಸೇವೆ 2017ರಲ್ಲಿ ನಿಂತುಹೋಯಿತು. ಅಂದಿನಿಂದ ಮುಂಬಯಿಯವರು ಕರಾಚಿಗೆ ಹೋಗಬೇಕಾದರೆ ಮೊದಲು ದುಬೈಯಂಥ ಕೊಲ್ಲಿಯ ಊರೊಂದಕ್ಕೆ ಹೋಗಿ ಅಲ್ಲಿಂದ ಹಿಂದಕ್ಕೆ ಬರಬೇಕು. ಮುಂಬಯಿಯಿಂದ ದುಬೈಗೆ 1,900 ಕಿಲೋಮೀಟರಿಗೂ ಹೆಚ್ಚು, ದುಬೈಯಿಂದ ಕರಾಚಿಗೆ ಸುಮಾರು 1,200. ಒಟ್ಟು 3,100 ಕಿಲೋಮೀಟರ್. ಆಕಾಶದಲ್ಲಿ ಐದು ಗಂಟೆ, ನಡುವೆ ಇನ್ನೊಂದು ವಿಮಾನಕ್ಕಾಗಿ ಕಾಯುವುದು ಬೇರೆ. ಕೊಂಕಣ ಸುತ್ತಿ ಮೈಲಾರಕ್ಕೆ ಹೋಗುವುದು ಎಂಬ ಗಾದೆ ಹುಟ್ಟಿದ್ದು ಕಾಲ್ನಡಿಗೆಯ ಕಾಲದಲ್ಲಿ. ಜೆಟ್ ಯುಗದಲ್ಲಿ ಅದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಹೀಗೇಕಾಯಿತು ಎಂಬುದಕ್ಕೆ ಎಲ್ಲರಿಗೂ ಗೊತ್ತಿರುವ ಉತ್ತರವೊಂದಿದೆ: ದೇಶ ಒಡೆಯಿತು. ಆದರೆ ಅದು ಅರ್ಧ ಉತ್ತರ. ದೇಶ ಒಡೆದ ಮೇಲೂ ಈ ಹಾದಿಯಲ್ಲಿ ವರ್ಷಗಟ್ಟಲೆ ವಿಮಾನಗಳು ಹಾರಿವೆ, ನಿಂತಿವೆ, ಮತ್ತೆ ಹಾರಿವೆ. ಭಾರತದ ವಿಮಾನಯಾನ ಸಂಸ್ಥೆ ಹುಟ್ಟಿದ್ದೂ ಇದೇ ಹಾದಿಯಲ್ಲಿ.

ಮೊದಲು ವಿಮಾನವಿಲ್ಲದ ಕಾಲವನ್ನು ನೋಡಬೇಕು. 1843ರಲ್ಲಿ ಬ್ರಿಟಿಷರು ಸಿಂಧ್ ಪ್ರಾಂತವನ್ನು ಗೆದ್ದುಕೊಂಡರು. 1847ರಲ್ಲಿ ಅದನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಅಲ್ಲಿಂದ 1936ರ ಏಪ್ರಿಲ್ 1ರವರೆಗೆ ಕರಾಚಿಯ ಆಡಳಿತ ನಡೆದದ್ದು ಮುಂಬಯಿಯಿಂದ. ಇಲ್ಲಿ ಕನ್ನಡಿಗರು ಗಮನಿಸಬೇಕಾದ ಒಂದು ಸಂಗತಿಯಿದೆ. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳೂ ಆಗ ಮುಂಬಯಿ ಪ್ರಾಂತಕ್ಕೇ ಸೇರಿದ್ದವು. ಧಾರವಾಡಕ್ಕೂ ಕರಾಚಿಗೂ ಒಬ್ಬನೇ ಗವರ್ನರ್. ಕರಾಚಿಯ ಡಿ.ಜೆ. ಸಿಂಧ್ ಕಾಲೇಜಿನ ಹುಡುಗನೂ ಧಾರವಾಡದ ಕರ್ನಾಟಕ ಕಾಲೇಜಿನ ಹುಡುಗನೂ ಬರೆಯುತ್ತಿದ್ದುದು ಅದೇ ಮುಂಬಯಿ ವಿಶ್ವವಿದ್ಯಾಲಯದ ಪರೀಕ್ಷೆಯನ್ನು. ಮುಂಬಯಿ ತಮಗೆ ತೀರ ದೂರ, ತಮ್ಮ ಭಾಷೆ ಬೇರೆ, ಬದುಕು ಬೇರೆ ಎಂಬ ದೂರು ಎರಡೂ ಕಡೆ ಇತ್ತು. ಸಿಂಧ್ ಅದೇ ಕಾರಣ ಹೇಳಿಕೊಂಡು 1936ರಲ್ಲಿ ಹೊರಬಂದಿತು. ಕನ್ನಡ ಜಿಲ್ಲೆಗಳು 1956ರವರೆಗೆ ಕಾಯಬೇಕಾಯಿತು.

ಸಿಂಧಿಗಳ ದೂರಿನಲ್ಲಿ ಹುರುಳಿತ್ತು. ಕರಾಚಿಗೂ ಮುಂಬಯಿಗೂ ನಡುವೆ ಕಚ್ಛದ ರಣ ಹಾಸಿಕೊಂಡಿದೆ. ಅದರ ಮೇಲೆ ನೇರ ರೈಲು ಹಾಕಲು ಆಗಿರಲಿಲ್ಲ. ರೈಲಿನಲ್ಲಿ ಹೋಗುವವರು ಕರಾಚಿಯಿಂದ ಸಿಂಧ್‌ನ ಹೈದರಾಬಾದಿಗೆ ಬಂದು, ಅಲ್ಲಿ ಮೀಟರ್‌ಗೇಜ್ ಗಾಡಿ ಹತ್ತಿ, ಥಾರ್ ಮರುಭೂಮಿಯನ್ನು ದಾಟಿ, ಮಾರವಾಡದ ಮೇಲೆ ಹಾದು ಅಹಮದಾಬಾದ್ ಸೇರಿ, ಅಲ್ಲಿ ಮತ್ತೆ ಬ್ರಾಡ್‌ಗೇಜ್ ಗಾಡಿಗೆ ಸಾಮಾನು ಹೊರಿಸಬೇಕಿತ್ತು. ಹೀಗಾಗಿ ಹೆಚ್ಚಿನವರು ಆಗಬೋಟನ್ನೇ ನೆಚ್ಚಿಕೊಂಡಿದ್ದರು. ಒಂದೂವರೆ ಎರಡು ದಿನದ ಸಮುದ್ರಯಾನ. ಮೇಮನ್, ಬೋಹ್ರಾ, ಪಾರ್ಸಿ, ಗೋವೆಯ ಕ್ರೈಸ್ತ ಮನೆತನಗಳು ಒಂದು ಕಾಲನ್ನು ಮುಂಬಯಿಯಲ್ಲೂ ಇನ್ನೊಂದನ್ನು ಕರಾಚಿಯಲ್ಲೂ ಇಟ್ಟುಕೊಂಡು ವ್ಯಾಪಾರ, ನೌಕರಿ, ಮದುವೆಗಳನ್ನು ನಡೆಸಿಕೊಂಡು ಬಂದದ್ದು ಈ ಹಡಗುಗಳ ಬಲದ ಮೇಲೆ.

ಕರಾಚಿಯ ಅದೃಷ್ಟ ಬದಲಾದದ್ದು ವಿಮಾನದಿಂದ. ಯೂರೋಪಿನಿಂದ ಪೂರ್ವಕ್ಕೆ ಹಾರಿಬರುವವರಿಗೆ ಭಾರತದ ಮೊದಲ ದೊಡ್ಡ ಊರು ಅದು. 1929ರ ಮಾರ್ಚ್ 30ರಂದು ಇಂಪೀರಿಯಲ್ ಏರ್‌ವೇಸ್ ಸಂಸ್ಥೆ ಲಂಡನ್ನಿನಿಂದ ಕರಾಚಿಗೆ ಸೇವೆ ಆರಂಭಿಸಿತು. ಪ್ರಯಾಣಕ್ಕೆ ಏಳು ದಿನ. ನಡುವೆ ಯೂರೋಪಿನ ಒಂದಿಷ್ಟು ಭಾಗವನ್ನು ರೈಲಿನಲ್ಲೇ ದಾಟಬೇಕು. ಆದರೂ ಹಡಗಿನ ಟಪಾಲಿಗೆ ಹೋಲಿಸಿದರೆ ಅದು ಮಿಂಚಿನ ವೇಗ. ಇದು ಸಾಲದೆಂಬಂತೆ ಬ್ರಿಟಿಷ್ ಸರ್ಕಾರ ಆರ್-101 ಎಂಬ ಬೃಹತ್ ವಾಯುನೌಕೆಯನ್ನು ಕರಾಚಿಗೆ ಕಳಿಸಲು ತಯಾರಿ ನಡೆಸಿತು. ಅದನ್ನು ನಿಲ್ಲಿಸಲೆಂದು ಕರಾಚಿಯಲ್ಲಿ ಊರಿನ ಯಾವ ಕಟ್ಟಡವನ್ನೂ ಸಣ್ಣದಾಗಿಸುವಂಥ ಹ್ಯಾಂಗರು ಎದ್ದಿತು. ವಾಯುನೌಕೆ ಮಾತ್ರ ಬರಲೇ ಇಲ್ಲ. 1930ರ ಅಕ್ಟೋಬರ್ 5ರಂದು, ಹೊರಟ ಕೆಲವೇ ಗಂಟೆಗಳಲ್ಲಿ, ಫ್ರಾನ್ಸಿನಲ್ಲಿ ನೆಲಕ್ಕಪ್ಪಳಿಸಿ ಉರಿದುಹೋಯಿತು. ಬಾರದ ಅತಿಥಿಗಾಗಿ ಕಟ್ಟಿದ ಆ ಹ್ಯಾಂಗರು ಸುಮಾರು ಮೂರು ದಶಕ ಕರಾಚಿಯ ಬಯಲಿನಲ್ಲಿ ನಿಂತಿತ್ತು.

ಅದೇ 1930ರಲ್ಲಿ ಇನ್ನೊಂದು ಹಾರಾಟ ನಡೆಯಿತು. ಇಂಗ್ಲೆಂಡಿಗೂ ಭಾರತಕ್ಕೂ ನಡುವೆ ಒಬ್ಬನೇ ಹಾರಿ ಪೂರೈಸುವ ಮೊದಲ ಭಾರತೀಯನಿಗೆ 500 ಪೌಂಡ್ ಬಹುಮಾನವೆಂದು ಆಗಾಖಾನರು ಸಾರಿದ್ದರು. ಜೆ.ಆರ್.ಡಿ. ಟಾಟಾ ಎಂಬ ಇಪ್ಪತ್ತೈದರ ತರುಣ ಕರಾಚಿಯಿಂದ ಪಶ್ಚಿಮಕ್ಕೆ ಹೊರಟ. ಆಸ್ಪಿ ಎಂಜಿನಿಯರ್ ಎಂಬ ಹದಿನೇಳರ ಪಾರ್ಸಿ ಹುಡುಗ ಇಂಗ್ಲೆಂಡಿನಿಂದ ಪೂರ್ವಕ್ಕೆ ಹೊರಟ. ಈಜಿಪ್ಟಿನ ಅಬುಕಿರ್ ನಿಲ್ದಾಣದಲ್ಲಿ ಜೆ.ಆರ್.ಡಿ. ಇಳಿದಾಗ ಆಸ್ಪಿ ಅಲ್ಲೇ ಸಿಕ್ಕಿಬಿದ್ದಿದ್ದ. ಅವನ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಬೇಕಿತ್ತು. ಎದುರಾಳಿ ತನ್ನಲ್ಲಿದ್ದ ಹೆಚ್ಚಿನ ಪ್ಲಗ್ ತೆಗೆದುಕೊಟ್ಟ. ಆಸ್ಪಿ ಕರಾಚಿ ತಲುಪಿದ ಕೆಲವು ಗಂಟೆಗಳ ನಂತರ ಜೆ.ಆರ್.ಡಿ. ಲಂಡನ್ ತಲುಪಿದರು. ಬಹುಮಾನ ಹುಡುಗನ ಪಾಲಾಯಿತು. ಈ ಎಂಜಿನಿಯರ್ ಮನೆತನದ ಹೆಸರು ಮುಂದೆ ಇನ್ನೊಮ್ಮೆ ಬರುತ್ತದೆ.

ಲಂಡನ್ನಿನ ಟಪಾಲು ಕರಾಚಿಗೇನೋ ವಿಮಾನದಲ್ಲಿ ಬರುತ್ತಿತ್ತು. ಅಲ್ಲಿಂದ ಮುಂಬಯಿ, ಮದ್ರಾಸುಗಳಿಗೆ ಮತ್ತೆ ರೈಲೇ ಗತಿ. ಆಕಾಶದಲ್ಲಿ ಉಳಿಸಿದ ದಿನಗಳು ನೆಲದ ಮೇಲೆ ಕರಗಿಹೋಗುತ್ತಿದ್ದವು. ಬ್ರಿಟಿಷ್ ವಾಯುಪಡೆಯಲ್ಲಿದ್ದ ನೆವಿಲ್ ವಿನ್ಸೆಂಟ್ ಎಂಬಾತ ಈ ಕೊರತೆಯನ್ನು ಕಂಡು ಟಾಟಾ ಕಂಪನಿಗೆ ಒಂದು ಯೋಜನೆ ಒಯ್ದ. ಸರ್ಕಾರ ಸಹಾಯಧನ ಕೊಡುವುದಿಲ್ಲವೆಂದಿತು. ಕೊನೆಗೆ ಸಹಾಯಧನವಿಲ್ಲದೆಯೇ ಒಪ್ಪಂದವಾಗಿ, ಎರಡು ಲಕ್ಷ ರೂಪಾಯಿ ಬಂಡವಾಳದಲ್ಲಿ ಎರಡು ಪುಸ್ ಮಾತ್ ವಿಮಾನಗಳು ಬಂದವು. ಒಂದೇ ಎಂಜಿನ್, ರೇಡಿಯೊ ಇಲ್ಲ, ದಾರಿ ತೋರಿಸಲು ನೆಲದ ಮೇಲೆ ಯಾವ ಸಾಧನವೂ ಇಲ್ಲ.

1932ರ ಅಕ್ಟೋಬರ್ 15ರ ಬೆಳಿಗ್ಗೆ ಕರಾಚಿಯ ಡ್ರಿಗ್ ರೋಡ್ ಮೈದಾನದಿಂದ ಜೆ.ಆರ್.ಡಿ. ಟಾಟಾ ಟಪಾಲು ಚೀಲಗಳೊಂದಿಗೆ ಮೇಲೆದ್ದರು. ಅಹಮದಾಬಾದಿನಲ್ಲಿ ಇಳಿದಾಗ ಪೆಟ್ರೋಲು ಡಬ್ಬಗಳು ಎತ್ತಿನ ಗಾಡಿಯಲ್ಲಿ ಬಂದವು. ಇಪ್ಪತ್ತನೆಯ ಶತಮಾನ ಹತ್ತೊಂಬತ್ತನೆಯದರ ಹತ್ತಿರ ಎಣ್ಣೆ ಕಡ ಪಡೆದ ಹಾಗೆ ಇತ್ತು ಆ ನೋಟ. ಮಧ್ಯಾಹ್ನ ಎರಡರ ಹೊತ್ತಿಗೆ ವಿಮಾನ ಮುಂಬಯಿಯ ಜುಹು ಮೈದಾನದಲ್ಲಿ ಇಳಿಯಿತು. ಅಹಮದಾಬಾದ್ ಸುತ್ತಿ ಬಂದದ್ದರಿಂದ ಹಾದಿ ಸಾವಿರ ಕಿಲೋಮೀಟರ್ ದಾಟಿತ್ತು. ಹಿಡಿದ ಹೊತ್ತು ಏಳು ಗಂಟೆಯ ಆಸುಪಾಸು. ಎರಡು ದಿನದ ಹಾದಿ ಒಂದು ಹಗಲಿನೊಳಗೆ ಬಂದಿತ್ತು.

ಅಲ್ಲಿಂದ ಮುಂದೆ ಚೀಲಗಳನ್ನು ವಹಿಸಿಕೊಂಡವನು ವಿನ್ಸೆಂಟ್. ಅವನ ಮಾರ್ಗ ಬಳ್ಳಾರಿಯ ಮೇಲೆ ಮದ್ರಾಸಿಗೆ. ಬೆಂಗಳೂರಿನಲ್ಲಿ ಹಿಂದುಸ್ತಾನ್ ವಿಮಾನ ಕಾರ್ಖಾನೆ ಶುರುವಾಗುವುದಕ್ಕೆ ಎಂಟು ವರ್ಷ ಮೊದಲೇ, ಲಂಡನ್ನಿನಿಂದ ಹೊರಟ ಕಾಗದಗಳು ಬಳ್ಳಾರಿಯ ಬಿಸಿಲಲ್ಲಿ ಇಳಿದು ಮುಂದಕ್ಕೆ ಹೋಗುತ್ತಿದ್ದವು. ದೇಶದ ಮೊದಲ ವಿಮಾನ ಸಂಸ್ಥೆಯ ಮೊದಲ ಮಾರ್ಗದ ನಾಲ್ಕು ಹೆಸರು ಹೇಳಿರೆಂದರೆ ಕರಾಚಿ, ಅಹಮದಾಬಾದ್, ಮುಂಬಯಿಗಳ ಜೊತೆಗೆ ಬಳ್ಳಾರಿಯನ್ನೂ ಹೇಳಬೇಕು. ಇದು ಬಳ್ಳಾರಿಯವರಲ್ಲೇ ಎಷ್ಟು ಮಂದಿಗೆ ಗೊತ್ತಿದೆಯೋ!

ವಾರಕ್ಕೊಮ್ಮೆಯ ಈ ಸೇವೆ ನಡೆದ ಬಗೆ ಈಗ ಕತೆಯಂತೆ ಕೇಳಿಸುತ್ತದೆ. ಮಳೆಗಾಲದಲ್ಲಿ ಜುಹು ಮೈದಾನಕ್ಕೆ ಸಮುದ್ರದ ನೀರು ನುಗ್ಗುತ್ತಿತ್ತು. ಆಗ ಎರಡು ವಿಮಾನ, ಮೂವರು ಪೈಲಟ್‌ಗಳು, ಮೂವರು ಮೆಕ್ಯಾನಿಕ್‌ಗಳ ಇಡೀ ಕಂಪನಿ ಗಂಟುಮೂಟೆ ಕಟ್ಟಿಕೊಂಡು ಪುಣೆಯ ಯೆರವಡಾ ಜೈಲಿನ ಬಳಿಯ ಬಯಲಿಗೆ ಹೋಗುತ್ತಿತ್ತು. ಆದರೂ ಮೊದಲ ವರ್ಷದಲ್ಲೇ 1,60,000 ಮೈಲಿ ಹಾರಾಟ, ಹತ್ತು ಟನ್ನಿಗೂ ಹೆಚ್ಚು ಟಪಾಲು, 155 ಪ್ರಯಾಣಿಕರು, ಖರ್ಚು ಕಳೆದು 60,000 ರೂಪಾಯಿ ಲಾಭ. ಟಪಾಲು ಚೀಲಗಳ ನಡುವೆ ಮೈ ಮುದುಡಿಕೊಂಡು ಕುಳಿತ ಆ 155 ಮಂದಿಯ ಧೈರ್ಯವನ್ನೂ ಮೆಚ್ಚಬೇಕು. ಆ ಸಂಸ್ಥೆಯೇ 1946ರಲ್ಲಿ ಏರ್ ಇಂಡಿಯಾ ಆಯಿತು. ಯೋಜನೆಯ ಮೂಲಪುರುಷ ವಿನ್ಸೆಂಟ್ ಅದನ್ನು ನೋಡಲು ಉಳಿಯಲಿಲ್ಲ; ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1942ರಲ್ಲಿ, ಅವನಿದ್ದ ವಿಮಾನ ಹಿಂದಿರುಗಲಿಲ್ಲ.

ಮರುವರ್ಷ ಆಗಸ್ಟ್ ಬಂದಿತು. 1947ರ ಆಗಸ್ಟ್ 7ರಂದು ಮಹಮದಾಲಿ ಜಿನ್ನಾ ದೆಹಲಿಯಿಂದ ವಿಮಾನದಲ್ಲಿ ಕರಾಚಿಗೆ ಹೋದರು. ಹುಟ್ಟಿದ್ದು ಕರಾಚಿಯಲ್ಲಿ, ವಕೀಲರಾಗಿ ಹೆಸರು ಮಾಡಿದ್ದು ಮುಂಬಯಿಯಲ್ಲಿ, ಮಲಬಾರ್ ಹಿಲ್‌ನಲ್ಲಿ ಅವರ ಮನೆ. ಮಗಳು ದೀನಾ ವಾಡಿಯಾ ಮುಂಬಯಿಯಲ್ಲೇ ಉಳಿದರು. 1948ರ ಸೆಪ್ಟೆಂಬರಿನಲ್ಲಿ ತಂದೆಯ ಅಂತ್ಯಕ್ರಿಯೆಗೆ ಕರಾಚಿಗೆ ಹೋದ ಆಕೆ ಮತ್ತೆ ಆ ಸಮಾಧಿಯ ಮುಂದೆ ನಿಂತದ್ದು 2004ರಲ್ಲಿ, ಐವತ್ತಾರು ವರ್ಷಗಳ ನಂತರ. ರಾಷ್ಟ್ರಪಿತನ ಮಗಳ ಪಾಡೇ ಇದಾದರೆ ಉಳಿದವರ ಪಾಡನ್ನು ಊಹಿಸಬಹುದು.

ಸಿಂಧ್‌ನಲ್ಲಿ ಪಂಜಾಬಿನ ಮಟ್ಟದ ಕಗ್ಗೊಲೆಗಳು ನಡೆಯಲಿಲ್ಲ. ಆದರೆ 1948ರ ಜನವರಿಯ ಕರಾಚಿ ಗಲಭೆಯ ನಂತರ ಅಲ್ಲಿನ ಹಿಂದೂಗಳಿಗೆ ನಿಲ್ಲುವ ಧೈರ್ಯ ಉಳಿಯಲಿಲ್ಲ. ಕೈಯಲ್ಲಿ ಹಣವಿದ್ದ ಕೆಲವರು ವಿಮಾನ ಹತ್ತಿದರು. ಬಹುಪಾಲು ಜನ ಅದೇ ಹಳೆಯ ಹಡಗಿನ ಹಾದಿ ಹಿಡಿದು ಮುಂಬಯಿ ಬಂದರಿನಲ್ಲಿ ಇಳಿದರು. ಕಲ್ಯಾಣದ ಬಳಿ ಖಾಲಿ ಬಿದ್ದಿದ್ದ ಮಿಲಿಟರಿ ಶಿಬಿರಗಳಲ್ಲಿ ಅವರನ್ನು ಇರಿಸಿದರು. ಅದೇ ಮುಂದೆ ಉಲ್ಲಾಸನಗರವಾಯಿತು. ಇತ್ತ ಮುಂಬಯಿಯಿಂದ ಸಾವಿರಾರು ಮುಸ್ಲಿಂ ಕುಟುಂಬಗಳು ಕರಾಚಿಗೆ ಹೋದವು. ಮೊದಮೊದಲು ಹೋಗಿಬರಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. 1948ರಲ್ಲಿ ಪರ್ಮಿಟ್ ಬಂದಿತು. 1952ರಲ್ಲಿ ಪಾಸ್‌ಪೋರ್ಟು, ವೀಸಾ ಬಂದವು. ‘ಸ್ವಲ್ಪ ದಿನ ಹೋಗಿ ನೋಡಿಬರೋಣ’ ಎಂದು ಹೊರಟವರು ಹೊರಟ ಕಡೆಯೇ ಉಳಿದರು.

ಅವರು ಬಿಟ್ಟುಬಂದ ಊರು ಮಾತ್ರ ಬೇರೆ ಬೇರೆ ವೇಷದಲ್ಲಿ ಜೊತೆಗೇ ಬಂದಿತು. ಮೆಕ್ಕೆಜೋಳದ ಹಿಟ್ಟಿನಿಂದ ಮಾಡುವ, ಎಳೆದರೆ ರಬ್ಬರಿನಂತೆ ಬಳುಕುವ ಒಂದು ಹಲ್ವಾ ಇದೆ. ಅದಕ್ಕೆ ಕೆಲವರು ಕರಾಚಿ ಹಲ್ವಾ ಎನ್ನುತ್ತಾರೆ, ಕೆಲವರು ಬಾಂಬೆ ಹಲ್ವಾ ಎನ್ನುತ್ತಾರೆ, ತಿನಿಸು ಒಂದೇ. ಸಿಂಧ್‌ನಿಂದ ಬಂದ ನಿರಾಶ್ರಿತರೊಬ್ಬರು ನಮ್ಮ ಹೈದರಾಬಾದಿನಲ್ಲಿ 1953ರಲ್ಲಿ ತೆರೆದ ಅಂಗಡಿಗೆ ‘ಕರಾಚಿ ಬೇಕರಿ’ ಎಂದು ಹೆಸರಿಟ್ಟರು. ಸಿಂಧ್‌ನಲ್ಲಿರುವ ಇನ್ನೊಂದು ಹೈದರಾಬಾದಿನ ಪ್ರಸಿದ್ಧ ಅಂಗಡಿಯ ಹೆಸರು ‘ಬಾಂಬೆ ಬೇಕರಿ’. 2019ರ ಫೆಬ್ರವರಿಯಲ್ಲಿ, ಪುಲ್ವಾಮಾ ದಾಳಿಯ ನಂತರ, ಬೆಂಗಳೂರಿನ ಇಂದಿರಾನಗರದ ಕರಾಚಿ ಬೇಕರಿ ತನ್ನ ಹಲಗೆಯ ಮೇಲಿನ ‘ಕರಾಚಿ’ ಎಂಬ ಪದಕ್ಕೆ ಬಟ್ಟೆ ಹೊದಿಸಬೇಕಾಯಿತು. ಕರಾಚಿಯನ್ನು ಕಳೆದುಕೊಂಡವರ ನೆನಪಿಗೆ ಹೊದಿಸಿದ ಬಟ್ಟೆ ಅದು ಎಂಬುದು ಪ್ರತಿಭಟನೆಗೆ ಬಂದವರಿಗೆ ತಿಳಿದಿತ್ತೆ ಎಂಬುದು ಬೇರೆ ಮಾತು.

ವಿಮಾನಗಳ ಮಾತಿಗೆ ಮರಳೋಣ. ವಿಭಜನೆಯ ನಂತರದ ಹದಿನೆಂಟು ವರ್ಷ ಎರಡು ದೇಶಗಳ ನಡುವೆ ವಿಮಾನಗಳು ಓಡಾಡಿಕೊಂಡಿದ್ದವು. 1962ರಲ್ಲಿ, ಮೊದಲ ಹಾರಾಟಕ್ಕೆ ಮೂವತ್ತು ವರ್ಷ ತುಂಬಿದಾಗ, ಜೆ.ಆರ್.ಡಿ. ಟಾಟಾ ಹಳೆಯ ಕಾಲದ ಪುಟ್ಟ ವಿಮಾನವೊಂದರಲ್ಲಿ ಕರಾಚಿಯಿಂದ ಮುಂಬಯಿಗೆ ಮತ್ತೊಮ್ಮೆ ಹಾರಿ ಬಂದರು. ಮೂರು ವರ್ಷದ ನಂತರ ಅದೇ ಆಕಾಶದಲ್ಲಿ ಬೇರೆಯದೇ ಘಟನೆ ನಡೆಯಿತು.

1965ರ ಸೆಪ್ಟೆಂಬರ್ 19. ಯುದ್ಧದ ಕೊನೆಯ ದಿನಗಳು. ಗುಜರಾತಿನ ಮುಖ್ಯಮಂತ್ರಿ ಬಲವಂತರಾಯ್ ಮೆಹ್ತಾ ಪತ್ನಿಯೊಂದಿಗೆ ಸಣ್ಣ ನಾಗರಿಕ ವಿಮಾನದಲ್ಲಿ ಕಚ್ಛದ ಕಡೆಗೆ ಹೊರಟಿದ್ದರು. ಗಡಿ ಕಾವಲಿನಲ್ಲಿದ್ದ ಪಾಕಿಸ್ತಾನದ ಯುದ್ಧವಿಮಾನವೊಂದು ಅದನ್ನು ಹೊಡೆದುರುಳಿಸಿತು. ವಿಮಾನದಲ್ಲಿದ್ದ ಎಂಟೂ ಮಂದಿ ಸತ್ತರು. ಅದನ್ನು ನಡೆಸುತ್ತಿದ್ದವರು ಜಹಾಂಗೀರ್ ಎಂಜಿನಿಯರ್: 1930ರಲ್ಲಿ ಬಹುಮಾನ ಗೆದ್ದು ಕರಾಚಿಯಲ್ಲಿ ಇಳಿದ ಆಸ್ಪಿಯ ಒಡಹುಟ್ಟಿದವರು. ಆಸ್ಪಿ ಅಷ್ಟರಲ್ಲಿ ಭಾರತದ ವಾಯುಪಡೆಯ ಮುಖ್ಯಸ್ಥರಾಗಿ, 1964ರಲ್ಲಿ ನಿವೃತ್ತರಾಗಿದ್ದರು. ನಲವತ್ತಾರು ವರ್ಷಗಳ ನಂತರ, 2011ರಲ್ಲಿ, ಅಂದು ಗುಂಡು ಹಾರಿಸಿದ ಪಾಕಿಸ್ತಾನಿ ಪೈಲಟ್ ಜಹಾಂಗೀರರ ಮಗಳಿಗೆ ಪತ್ರ ಬರೆದು, ಮೇಲಿನವರ ಆಜ್ಞೆಯಂತೆ ನಡೆದುಕೊಂಡೆನೆಂದೂ ಆ ಜೀವಗಳು ಹೋದದ್ದಕ್ಕೆ ನೊಂದಿದ್ದೇನೆಂದೂ ತಿಳಿಸಿದರು. ಆಕೆ ಕಹಿಯಿಲ್ಲದೆ ಉತ್ತರ ಬರೆದರು. ಭಾರತ–ಪಾಕಿಸ್ತಾನದ ನಡುವೆ ಇಂಥ ಪತ್ರಗಳು ಹೆಚ್ಚಿಲ್ಲ.

ಆ ಯುದ್ಧದಲ್ಲಿ ವಿಮಾನ ಸೇವೆ ನಿಂತಿತು. ಥಾರ್ ಮರುಭೂಮಿಯ ರೈಲುಹಳಿಯೂ ತುಂಡಾಯಿತು. ತಾಷ್ಕೆಂಟ್ ಒಪ್ಪಂದದ ನಂತರ 1966ರಲ್ಲಿ ಪರಸ್ಪರರ ನೆಲದ ಮೇಲೆ ಹಾದುಹೋಗಲು ಮಾತ್ರ ಅನುಮತಿ ಸಿಕ್ಕಿತು. ಅದಕ್ಕೂ ಸಂಚಕಾರ ಬಂದದ್ದು 1971ರ ಜನವರಿ 30ರಂದು. ಶ್ರೀನಗರದಿಂದ ಜಮ್ಮುವಿಗೆ ಹೊರಟಿದ್ದ ‘ಗಂಗಾ’ ಎಂಬ ಫಾಕರ್ ವಿಮಾನವನ್ನು ಇಬ್ಬರು ಅಪಹರಿಸಿ ಲಾಹೋರಿಗೆ ಒಯ್ದು, ಪ್ರಯಾಣಿಕರನ್ನು ಇಳಿಸಿ, ಸುಟ್ಟುಹಾಕಿದರು. ಭಾರತ ತನ್ನ ಆಕಾಶವನ್ನು ಪಾಕಿಸ್ತಾನಿ ವಿಮಾನಗಳಿಗೆ ಮುಚ್ಚಿತು.

ಇದರ ಬಿಸಿ ತಟ್ಟಿದ್ದು ಕರಾಚಿ–ಢಾಕಾ ಹಾದಿಗೆ. ಪಶ್ಚಿಮ ಪಾಕಿಸ್ತಾನಕ್ಕೂ ಪೂರ್ವ ಪಾಕಿಸ್ತಾನಕ್ಕೂ ನಡುವೆ ಇದ್ದದ್ದು ಪೂರ್ತಿ ಭಾರತ. ನೇರ ಹಾರಿದರೆ ಸುಮಾರು 2,350 ಕಿಲೋಮೀಟರ್. ಕೊಲಂಬೊ ಸುತ್ತಿ ಹೋದರೆ 4,500ಕ್ಕೂ ಹೆಚ್ಚು. ಒಂದೇ ದೇಶದ ಎರಡು ಭಾಗಗಳ ನಡುವಿನ ಹಾದಿ ಒಂದು ವಾರದಲ್ಲಿ ಇಮ್ಮಡಿಯಾಯಿತು. ಆ ವರ್ಷವೇ ಪೂರ್ವ ಬಂಗಾಳಕ್ಕೆ ಸೈನ್ಯ, ಸಾಮಗ್ರಿ ಕಳಿಸುವ ಅವಸರದಲ್ಲಿದ್ದ ಪಾಕಿಸ್ತಾನಕ್ಕೆ ಇದು ದೊಡ್ಡ ಪೆಟ್ಟು. ಅದು ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಗೆ ದೂರು ಕೊಟ್ಟಿತು. ಆ ಸಂಸ್ಥೆಗೆ ಇದನ್ನು ವಿಚಾರಿಸುವ ಅಧಿಕಾರವೇ ಇಲ್ಲವೆಂದು ಭಾರತ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. ಮುಂಬಯಿಯ ವಕೀಲ ನಾನಿ ಪಾಲ್ಖಿವಾಲಾ ಭಾರತದ ಪರ ವಾದಿಸಿದರು. 1972ರ ಆಗಸ್ಟ್ 18ರಂದು ತೀರ್ಪು ಬಂದಿತು: ಸಂಸ್ಥೆಗೆ ಅಧಿಕಾರವಿದೆ. ಭಾರತಕ್ಕೆ ಸೋಲು. ಅಷ್ಟರಲ್ಲಿ ಕರಾಚಿ–ಢಾಕಾ ಎಂಬ ದೇಶದೊಳಗಿನ ಹಾದಿಯೇ ಇರಲಿಲ್ಲ. ಬಾಂಗ್ಲಾದೇಶ ಹುಟ್ಟಿ ಎಂಟು ತಿಂಗಳಾಗಿತ್ತು. ಅದಕ್ಕೂ ಮೊದಲು, 1971ರ ಡಿಸೆಂಬರಿನಲ್ಲಿ, ಭಾರತದ ಕ್ಷಿಪಣಿ ದೋಣಿಗಳು ಕರಾಚಿ ಬಂದರಿಗೆ ನುಗ್ಗಿ ಎಣ್ಣೆಯ ಟ್ಯಾಂಕುಗಳಿಗೆ ಬೆಂಕಿ ಹಚ್ಚಿದ್ದವು. ಆ ರಾತ್ರಿಗಳಲ್ಲಿ ಎರಡು ನಗರಗಳೂ ದೀಪ ಆರಿಸಿಕೊಂಡು ಕೂತಿದ್ದವು.

1976ರಲ್ಲಿ ಎರಡೂ ಸರ್ಕಾರಗಳು ವಿಮಾನಯಾನದ ಮೊಕದ್ದಮೆಗಳನ್ನು ಕೈಬಿಟ್ಟವು. ಆ ಜುಲೈಯಲ್ಲಿ ವಿಮಾನ ಸೇವೆ ಮರಳಿ ಬಂದಿತು. ಹನ್ನೊಂದು ವರ್ಷ ಮುಚ್ಚಿದ್ದ ಒಂದೂವರೆ ಗಂಟೆಯ ಹಾದಿ ತೆರೆಯಿತು. ಮುಂದಿನ ಕಾಲು ಶತಮಾನ ಈ ಹಾದಿಯ ಒಳ್ಳೆಯ ಕಾಲವೆನ್ನಬೇಕು. ಹಾಗೆಂದು ಹೋಗಿಬರುವುದು ಸುಲಭವಾಗಿತ್ತೆಂದಲ್ಲ. ವೀಸಾ ಇಡೀ ದೇಶಕ್ಕಲ್ಲ, ಹೆಸರಿಸಿದ ಊರುಗಳಿಗೆ ಮಾತ್ರ. ಊರು ತಲುಪಿದವನು ಪೊಲೀಸ್ ಠಾಣೆಯಲ್ಲಿ ಹೆಸರು ಬರೆಸಬೇಕು, ಹೊರಡುವಾಗ ಮತ್ತೆ ಹೇಳಿ ಹೊರಡಬೇಕು. 1994ರಲ್ಲಿ ಕರಾಚಿಯ ಭಾರತೀಯ ಕಾನ್ಸುಲೇಟ್ ಮುಚ್ಚಿತು. ಅಂದಿನಿಂದ ಕರಾಚಿಯವರ ವೀಸಾ ಅರ್ಜಿ ಇಸ್ಲಾಮಾಬಾದಿಗೆ ಹೋಗಬೇಕಾಯಿತು. ಅದು ಕರಾಚಿಯಿಂದ 1,100 ಕಿಲೋಮೀಟರಿಗೂ ದೂರ. ಮುಂಬಯಿಗೆ ಹೋಗಲು ಬೇಕಾದ ಕಾಗದ, ಮುಂಬಯಿಗಿಂತ ದೂರದ ಊರಿನಲ್ಲಿತ್ತು.

ಈ ಒಳ್ಳೆಯ ಕಾಲದಲ್ಲೇ ನಡೆದದ್ದು ಜೆ.ಆರ್.ಡಿ.ಯವರ ಮೂರನೇ ಹಾರಾಟ. 1982ರ ಅಕ್ಟೋಬರ್ 15. ಮೊದಲ ಹಾರಾಟಕ್ಕೆ ಐವತ್ತು ವರ್ಷ. ಅವರಿಗೆ ಎಪ್ಪತ್ತೆಂಟು. ನಾಲ್ಕು ವರ್ಷ ಹಿಂದೆ ಏರ್ ಇಂಡಿಯಾದ ಅಧ್ಯಕ್ಷ ಸ್ಥಾನದಿಂದ ಸರ್ಕಾರ ಅವರನ್ನು ಇಳಿಸಿತ್ತು. ಲೆಪರ್ಡ್ ಮಾತ್ ಎಂಬ, ಪುಸ್ ಮಾತ್‌ನ ದಾಯಾದಿಯಂಥ ಹಳೆಯ ವಿಮಾನದಲ್ಲಿ ಒಬ್ಬರೇ ಕುಳಿತು ಕರಾಚಿಯಿಂದ ಹೊರಟು ಜುಹುವಿನಲ್ಲಿ ಇಳಿದರು. ಎಳೆಯರಲ್ಲಿ ಒಂದಿಷ್ಟು ಹುರುಪು ಹುಟ್ಟಲೆಂದು ಹಾರಿದೆ ಎಂದರು. ಎರಡು ಯುದ್ಧಗಳನ್ನು ಕಂಡ ಆಕಾಶದಲ್ಲಿ ಒಬ್ಬ ವೃದ್ಧ ಒಂಟಿ ಎಂಜಿನ್ನಿನ ವಿಮಾನದಲ್ಲಿ ಗಡಿ ದಾಟಿ ಬರಲು ಎರಡೂ ಸರ್ಕಾರಗಳು ಒಪ್ಪಿದ್ದವು ಎಂಬುದನ್ನು ಆಗ ಯಾರೂ ದೊಡ್ಡ ಸುದ್ದಿ ಎಂದುಕೊಳ್ಳಲಿಲ್ಲ.

ಸಂಸತ್ತಿನ ಮೇಲೆ 2001ರ ಡಿಸೆಂಬರ್ 13ರಂದು ದಾಳಿಯಾಯಿತು. 2002ರ ಜನವರಿ 1ರಿಂದ ಆಕಾಶ ಮತ್ತೆ ಮುಚ್ಚಿತು. ಹೊರಟವರು ದುಬೈ ಸುತ್ತಬೇಕು, ಇಲ್ಲವೆ ಸುಮ್ಮನಿರಬೇಕು. ಓದುಗರಿಗೆ ನೆನಪಿರಬಹುದು: 2003ರ ಜುಲೈಯಲ್ಲಿ ದೆಹಲಿ–ಲಾಹೋರ್ ಬಸ್ಸು ಮತ್ತೆ ಶುರುವಾದಾಗ, ಹೃದಯದಲ್ಲಿ ರಂಧ್ರವಿದ್ದ ಲಾಹೋರಿನ ಪುಟ್ಟ ಹೆಣ್ಣುಮಗುವೊಂದು ವಾಘಾ ಗಡಿಯನ್ನು ಬಸ್ಸಿನಲ್ಲಿ ದಾಟಿ ಶಸ್ತ್ರಚಿಕಿತ್ಸೆಗೆ ಬೆಂಗಳೂರಿಗೆ ಬಂದಿತು. ಆ ಮಗು ಗುಣವಾಗಿ ಹಿಂದಿರುಗಿದಾಗಲೂ ವಿಮಾನ ಸೇವೆ ಇನ್ನೂ ಶುರುವಾಗಿರಲಿಲ್ಲ. ಅದು ಬಂದದ್ದು 2004ರ ಜನವರಿ 1ರಂದು. 2006ರಲ್ಲಿ, ನಲವತ್ತೊಂದು ವರ್ಷಗಳ ನಂತರ, ಮರುಭೂಮಿಯ ಹಳೆಯ ರೈಲುದಾರಿಯೂ ಥಾರ್ ಎಕ್ಸ್‌ಪ್ರೆಸ್ ಹೆಸರಿನಲ್ಲಿ ತೆರೆದುಕೊಂಡಿತು.

2017ರಲ್ಲಿ ಮುಂಬಯಿ ಸೇವೆ ನಿಂತಾಗ ಯುದ್ಧವೂ ಇರಲಿಲ್ಲ, ಆಜ್ಞೆಯೂ ಇರಲಿಲ್ಲ. ಸಾಕಷ್ಟು ಪ್ರಯಾಣಿಕರಿಲ್ಲವೆಂದು ಪಾಕಿಸ್ತಾನದ ವಿಮಾನ ಸಂಸ್ಥೆ ತಾನಾಗಿ ನಿಲ್ಲಿಸಿತು. ಎರಡು ಕೋಟಿಯ ಆಸುಪಾಸಿನ ಜನರಿರುವ ಎರಡು ಮಹಾನಗರಗಳ ನಡುವೆ ಒಂದು ವಿಮಾನ ತುಂಬುವಷ್ಟು ಪ್ರಯಾಣಿಕರು ಇಲ್ಲವಾದರೆಂದರೆ, ಹೋಗುವ ಮನಸ್ಸಿದ್ದವರಿಗೆ ವೀಸಾ ಸಿಗಲಿಲ್ಲವೆಂದು ಅರ್ಥ. ಜೊತೆಗೆ ಇನ್ನೊಂದು ಕಾರಣವನ್ನೂ ಒಪ್ಪಿಕೊಳ್ಳಬೇಕು. ಅತ್ತ ಇತ್ತ ಅಣ್ಣತಮ್ಮಂದಿರಿದ್ದ ತಲೆಮಾರು ತೀರಿಹೋಗುತ್ತಿದೆ. ಅವರ ಮಕ್ಕಳಿಗೆ ಅವರು ಚಿಕ್ಕಪ್ಪ, ದೊಡ್ಡಮ್ಮಂದಿರು. ಮೊಮ್ಮಕ್ಕಳಿಗೆ ಆಲ್ಬಮಿನ ಫೋಟೊ. ಮದುವೆಗೆ ಕರೆಯುವವರಿಲ್ಲದಿದ್ದರೆ ಟಿಕೆಟು ಕೊಳ್ಳುವವರೂ ಇರುವುದಿಲ್ಲ.

2019ರ ಫೆಬ್ರವರಿಯ ಬಾಲಾಕೋಟ್ ದಾಳಿಯ ನಂತರ ಪಾಕಿಸ್ತಾನ ತನ್ನ ಆಕಾಶವನ್ನು ಮುಚ್ಚಿ ಜುಲೈ 16ರಂದು ತೆರೆಯಿತು. ಆ ಆಗಸ್ಟಿನಲ್ಲಿ ಥಾರ್ ಎಕ್ಸ್‌ಪ್ರೆಸ್ ನಿಂತಿತು. ಪಹಲ್ಗಾಮ್ ಹತ್ಯಾಕಾಂಡದ ನಂತರ 2025ರ ಏಪ್ರಿಲ್ 24ರಂದು ಪಾಕಿಸ್ತಾನವೂ 30ರಂದು ಭಾರತವೂ ಪರಸ್ಪರರ ವಿಮಾನಗಳಿಗೆ ಬಾಗಿಲು ಹಾಕಿದವು. ತಿಂಗಳು ತುಂಬುತ್ತಿದ್ದಂತೆ ಎರಡೂ ಕಡೆಯ ಅಧಿಕಾರಿಗಳು ಇನ್ನೊಂದು ತಿಂಗಳಿಗೆ ಆಜ್ಞೆ ಹೊರಡಿಸುವುದು ಆ ವರ್ಷವಿಡೀ ನಡೆಯಿತು.

ಈ ನಡುವೆ 2021ರ ಅಕ್ಟೋಬರ್ 15ರಂದು ಆರೋಹಿ ಪಂಡಿತ್ ಎಂಬ ಯುವ ಪೈಲಟ್ ಜೆ.ಆರ್.ಡಿ.ಯವರ ಮೊದಲ ಹಾರಾಟದ ನೆನಪಿಗೆ ಹಗುರ ವಿಮಾನವೊಂದರಲ್ಲಿ ಜುಹುವಿಗೆ ಹಾರಿ ಬಂದರು. ನಡುವೆ, 1932ರಂತೆಯೇ, ಅಹಮದಾಬಾದಿನಲ್ಲಿ ಇಳಿದರು. ಹೊರಟದ್ದು ಮಾತ್ರ ಕರಾಚಿಯಿಂದಲ್ಲ, ಕಚ್ಛದ ಭುಜ್‌ನಿಂದ. 1932ರ ದಾರಿಯಲ್ಲಿ ಬಿಟ್ಟುಹೋದ ಆ ಮೊದಲ ತುಂಡು ಸುಮಾರು 300 ಕಿಲೋಮೀಟರ್. ಪುಸ್ ಮಾತ್‌ನ ವೇಗದಲ್ಲಿ ಎರಡು ಗಂಟೆ.